ಬೈಟಿಗೆ ಕಾರಣ ಕೇಳುತ್ತಿದ್ದ ಮೇಷ್ಟ್ರು

ನಮ್ಮ ಮೇಷ್ಟ್ರ ಧರ್ಮಶಾಸ್ತ್ರದಲ್ಲಿ ಮಹಾಪಾತಕಗಳು ಎರಡೇ ಇದ್ದವು. ಒಂದು, ಒಂದೇ ಕೆಲಸದ ಪ್ರೋಗ್ರಾಮನ್ನು ಎರಡು ಕಡೆ ಬರೆಯುವುದು. ಇನ್ನೊಂದು, ಚಟ್ನಿಗೆ ನೀರು ಬೆರೆಸುವುದು. ಎರಡನೆಯದಕ್ಕೆ ಪ್ರಾಯಶ್ಚಿತ್ತವಿತ್ತು, ಹೋಟೆಲು ಬದಲಾಯಿಸಿದರೆ ಆಯಿತು. ಮೊದಲನೆಯದಕ್ಕೆ ಇರಲಿಲ್ಲ. ಅದನ್ನು ಮಾಡಿ ಸಿಕ್ಕಿಬಿದ್ದವನನ್ನು ಅವರು ಬೈಯುತ್ತಲೂ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಆಸಾಮಿಯನ್ನು ಒಂದು ಸಲ ನೋಡಿ, ಕನ್ನಡಕವನ್ನು ಮತ್ತೆ ಮೂಗಿನ ಮೇಲೆ ಇಳಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ವಿಚಾರಣೆ, ತೀರ್ಪು, ಶಿಕ್ಷೆ ಮೂರೂ ಮುಗಿದಿರುತ್ತಿದ್ದವು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ಎಲ್ಲರೂ ಮೇಷ್ಟ್ರು ಅಂತಲೇ ಕರೀತಿದ್ದಾಗ ಆ ಹೆಸರು ಯಾವ ಕೆಲಸಕ್ಕೆ ಬಂತಯ್ಯಾ? ಜಾಗ ದಂಡ" ಎನ್ನುತ್ತಿದ್ದರು. ಕಳೆದ ಮಾಘಮಾಸದಲ್ಲಿ ಹೊಳೆನರಸೀಪುರದ ತಮ್ಮ ಮನೆಯಲ್ಲಿ ಬೆಳಗಿನ ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ತೀರಿಕೊಂಡರು. ಸುದ್ದಿ ತಿಳಿಸಲು ಫೋನು ಮಾಡಿದ ಅವರ ಮಗಳು "ಅಪ್ಪ ಹೋದ್ರು" ಎಂದಷ್ಟೇ ಹೇಳಿದಳು. ತಂದೆಗೆ ತಕ್ಕ ಮಗಳು. ನಾನೂ "ಬರ್ತೀನಮ್ಮ" ಎಂದಷ್ಟೇ ಹೇಳಿದೆ. ಆ ಮನೆಯವರೊಡನೆ ಅದಕ್ಕಿಂತ ಹೆಚ್ಚು ಮಾತಾಡುವುದು ಅಪಚಾರ.

ಅವರು ನಿಜಕ್ಕೂ ಮೇಷ್ಟ್ರಾಗಿದ್ದವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮಧ್ಯದ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಉತ್ತರ ಬರೆದ ಹುಡುಗರಿಗೆ ಅಂಕ ಕಡಿಮೆ ಮಾಡಬೇಕೆಂಬುದು ಹೆಡ್ಮಾಸ್ಟರ ನಿಲುವು. ಹೆಚ್ಚು ಮಾಡಬೇಕೆಂಬುದು ಇವರದು. ಈ ತಾತ್ವಿಕ ಭಿನ್ನಾಭಿಪ್ರಾಯ ಕೆಲವು ವರ್ಷ ನಡೆದು, ಕೊನೆಗೆ ಇವರು ಸ್ವಯಂ ನಿವೃತ್ತಿ ತೆಗೆದುಕೊಂಡು, ಮನೆಯಲ್ಲಿ ಕೂತು ತಾವೇ ಕಲಿತಿದ್ದ ಎಲೆಕ್ಟ್ರಾನಿಕ್ ಚಿಪ್ಪಿನ ಭಾಷೆಯೊಂದನ್ನೇ ಬಂಡವಾಳ ಮಾಡಿಕೊಂಡು ಹಾಸನದ ನಮ್ಮ ವರ್ಕ್‌ಶಾಪಿಗೆ ಬಂದು ಸೇರಿದರು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕೈಗಾರಿಕಾ ಪ್ರದೇಶದ ಒಂದು ಶೀಟಿನ ಮನೆ ನಮ್ಮದು. ಎಡಕ್ಕೆ ಕಬ್ಬಿಣದ ಗೇಟು ಮಾಡುವವರು, ಬಲಕ್ಕೆ ಬಾವಿಗೆ ಇಳಿಸುವ ಸಿಮೆಂಟಿನ ಬಳೆ ಎರಕ ಹೊಯ್ಯುವವರು. ಇಬ್ಬರ ನಡುವೆ ಕೂತು ನಾವು ಹಳ್ಳಿಯ ಡೈರಿಗಳಿಗೆ ಹಾಲು ತೂಗುವ ಎಲೆಕ್ಟ್ರಾನಿಕ್ ಯಂತ್ರ ಮಾಡುತ್ತಿದ್ದೆವು. ಯಜಮಾನರು ಚನ್ನರಾಯಪಟ್ಟಣದ ಕಡೆಯ ಬೇಸಾಯದ ಮನೆತನದವರು. ಅವರಿಗೆ ಹಾಲು ಗೊತ್ತಿತ್ತು, ಹಳ್ಳಿ ಗೊತ್ತಿತ್ತು. ಯಂತ್ರದ ಒಳಗಿನದ್ದೆಲ್ಲ ಮೇಷ್ಟ್ರದು ಮತ್ತು ನನ್ನದು ಎಂದು ಬಿಟ್ಟಿದ್ದರು.

ಯಂತ್ರಕ್ಕೆ ನಾಲ್ಕು ಕೆಲಸ. ಪಾತ್ರೆಗೆ ಸುರಿದ ಹಾಲನ್ನು ತೂಗುವುದು, ಡೈರಿಯ ಸೆಕ್ರೆಟರಿ ಒತ್ತಿದ ಸದಸ್ಯರ ನಂಬರನ್ನು ಹಿಡಿದುಕೊಳ್ಳುವುದು, ಎರಡನ್ನೂ ಕೆಂಪು ಅಂಕಿಗಳಲ್ಲಿ ತೋರಿಸುವುದು, ಸ್ಲಿಪ್ಪು ಹೊಡೆದು ಕೊಡುವುದು. ಮಾಡಲು ಇರುವುದು ಮಾತ್ರ ಒಂದೇ ಚಿಪ್ಪು. ಈ ನಾಲ್ಕು ಕೆಲಸಗಳಲ್ಲಿ ಯಾವುದು ಈಗ ನಡೆಯಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವ ಸಣ್ಣ ಪ್ರೋಗ್ರಾಮಿಗೆ ಕರ್ನೆಲ್ ಎನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಉಂಡವರಿಗೆ ಇದನ್ನು ಹೊಸದಾಗಿ ವಿವರಿಸಬೇಕಿಲ್ಲ. ಪಂಕ್ತಿಯ ತಲೆಯಲ್ಲಿ ಒಬ್ಬ ಹಿರಿಯರಿರುತ್ತಾರೆ. ಅಡಿಗೆ ಮಾಡಿದವರು ಅವರಲ್ಲ, ಬಡಿಸುವವರೂ ಅವರಲ್ಲ. "ಪಲ್ಯ ಇರಲಿ, ಸಾರು ಬರಲಿ, ಆ ಮೂಲೆಗೆ ತುಪ್ಪ" ಎನ್ನುತ್ತಿರುತ್ತಾರೆ. ಅವರಿಲ್ಲದಿದ್ದರೆ ನಾಲ್ವರು ಒಂದೇ ಎಲೆಗೆ ಪಾಯಸ ಹಾಕಿ, ಉಳಿದವರಿಗೆ ಉಪ್ಪು ಮಾತ್ರ ಉಳಿಯುತ್ತದೆ.

ಆ ಕರ್ನೆಲ್ಲನ್ನು ಮೇಷ್ಟ್ರು ಬರೆದಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ, ಪೆನ್ಸಿಲಿನಲ್ಲಿ, ಒಂದೊಂದೇ ಸೂಚನೆ. ಚಿಪ್ಪು ಬೆರಳುದ್ದದ್ದು, ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಬರೆದದ್ದನ್ನು ಅಳಿಸಬೇಕಾದರೆ ಅದನ್ನು ನೇರಳೆ ದೀಪದ ಡಬ್ಬಿಯೊಳಗಿಟ್ಟು ಕಾಫಿಗೆ ಹೋಗಿ ಬರಬೇಕು. ಒಳಗಿನ ಜಾಗವನ್ನು ಬೈಟಿನಲ್ಲಿ ಅಳೆಯುತ್ತಾರೆ. ಒಂದು ಇಂಗ್ಲಿಷ್ ಅಕ್ಷರ ಕೂರುವಷ್ಟು ಜಾಗ ಒಂದು ಬೈಟು. ನಮ್ಮ ಚಿಪ್ಪಿನಲ್ಲಿದ್ದದ್ದು ಎಂಟು ಸಾವಿರ ಚಿಲ್ಲರೆ. ನೀವು ಓದುತ್ತಿರುವ ಈ ಬರಹ ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸಬೇಕೆಂದು ಮೇಷ್ಟ್ರನ್ನು ಕೇಳಿದ್ದರೆ ಹಿಡಿಸುತ್ತಿದ್ದರು. ಆದರೆ ನಿಮಗೆ ಇಷ್ಟು ಹೊತ್ತಿಗೆ ಓದಿ ಮುಗಿದಿರುತ್ತಿತ್ತು.

ನನಗೆ ಯಾವುದಕ್ಕಾದರೂ ಹತ್ತು ಬೈಟು ಬೇಕಾದರೆ ಅವರ ಮೇಜಿನ ಮುಂದೆ ನಿಲ್ಲಬೇಕಿತ್ತು. "ಜಾಗ ಕೇಳು, ಕೊಡ್ತೀನಿ. ಯಾಕೆ ಅಂತ ಹೇಳು" ಎನ್ನುವರು. ಹೇಳಿದರೆ, "ಅದಕ್ಕೆ ಆರು ಸಾಕಲ್ಲ?" ಎನ್ನುವರು. ತಾಲ್ಲೂಕು ಕಚೇರಿಯಲ್ಲಿ ಪಹಣಿ ಪಡೆಯುವುದು ಇದಕ್ಕಿಂತ ಸುಲಭವಾಗಿತ್ತು.

ಅವರ ಈ ಕತ್ತರಿ ಕರ್ನೆಲ್ಲಿಗೆ ಮಾತ್ರ ಸೀಮಿತವಾಗಿದ್ದರೆ ಲೋಕಕ್ಕೆ ತೊಂದರೆ ಇರಲಿಲ್ಲ. ಮಗಳ ಮದುವೆ ಗೊತ್ತಾದಾಗ ಲಗ್ನಪತ್ರಿಕೆಯನ್ನು ತಾವೇ ಬರೆದರು. ದೇವರ ಹೆಸರು, ವಧೂವರರ ಹೆಸರು, ದಿನ, ಮುಹೂರ್ತ, ಸ್ಥಳ. ಕೆಳಗೆ, ಸುಖಾಗಮನ ಬಯಸುವವರ ಹೆಸರುಗಳು ಎರಡು ಸಾಲಾಗಿ ಇರಬೇಕಾದ ಜಾಗದಲ್ಲಿ, "ನಮ್ಮವರೆಲ್ಲರೂ" ಎಂಬ ಒಂದೇ ಮಾತು. ಅಚ್ಚಾಗಿ ಬಂದ ಪತ್ರಿಕೆಯನ್ನು ನೋಡಿ ಅರಕಲಗೂಡಿನಲ್ಲಿದ್ದ ಅವರ ಭಾವನವರು ಮುನಿಸಿಕೊಂಡರು. ಮದುವೆಗೆ ಬರುವುದಿಲ್ಲವೆಂದು ಹೇಳಿಕಳಿಸಿದರು. ಮೇಷ್ಟ್ರು ರಜೆ ಹಾಕಿ ಅರಕಲಗೂಡಿಗೆ ಹೋದರು. ಜೊತೆಗೆ ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡರು.

"ನಿಮ್ಮ ಪಾಲಿಗೆ ನಾನು ಯಾರು ಅಂತ ಕೇಳ್ತೀನಿ, ಅಷ್ಟೇ" ಎಂದರು ಭಾವನವರು, ಗೋಡೆ ನೋಡುತ್ತ.

"ನಮ್ಮವರು" ಎಂದರು ಮೇಷ್ಟ್ರು.

"ಹಾಗಾದರೆ ಹೆಸರು ಎಲ್ಲಿ?"

"ನಿಮ್ಮದನ್ನ ಹಾಕಿದ್ರೆ ತುಮಕೂರಿನವರದನ್ನೂ ಹಾಕಬೇಕಾಗ್ತಿತ್ತು. ಹಾಕಲಾ?"

ತಮಗಾಗದ ತುಮಕೂರಿನ ನೆಂಟರ ಹೆಸರು ಕಿವಿಗೆ ಬಿದ್ದದ್ದೇ ಭಾವನವರು ಗೋಡೆ ಬಿಟ್ಟು ಇತ್ತ ತಿರುಗಿದರು. ಆ ಜನದ ಪಕ್ಕದಲ್ಲಿ ಅಚ್ಚಾಗುವುದಕ್ಕಿಂತ ಅಚ್ಚಾಗದಿರುವುದೇ ಮರ್ಯಾದೆ ಎಂದು ಅವರಿಗೂ ತೋರಿತು. ಮದುವೆಗೆ ಬಂದರು. ಪಂಕ್ತಿಯ ತಲೆಯಲ್ಲಿ ನಿಂತು ಸಾರು, ಪಲ್ಯ ಎಂದು ಕೂಗಿದವರೂ ಅವರೇ.

ನನಗೂ ಮೇಷ್ಟ್ರಿಗೂ ಇದ್ದ ಜಗಳ ಹಳೆಯದು, ನಮಗಿಂತ ಹಳೆಯದು. ನಾನು ವೇಗದ ಪಕ್ಷ, ಅವರು ಗಾತ್ರದ ಪಕ್ಷ. ಒಂದು ಕೆಲಸವನ್ನು ನಿಲ್ಲಿಸಿ ಇನ್ನೊಂದನ್ನು ಹಿಡಿಯುವ ಸೂಚನೆಗಳನ್ನು ಅವರು ಒಂದೇ ಕಡೆ ಬರೆದಿದ್ದರು. ಎಲ್ಲಿಂದ ಬೇಕಾದರೂ ಅಲ್ಲಿಗೆ ಹೋಗಿ, ಕೆಲಸ ಮುಗಿಸಿಕೊಂಡು ವಾಪಸು ಬರಬೇಕು. ಹೋಗಿಬರುವುದಕ್ಕೆ ಸಮಯ ಹಿಡಿಯುತ್ತದೆ. ಅದರ ಬದಲು ಆ ಸೂಚನೆಗಳ ನಕಲನ್ನು ಬೇಕಾದ ಕಡೆಯಲ್ಲೆಲ್ಲ ಬರೆದುಬಿಟ್ಟರೆ ಓಡಾಟ ತಪ್ಪುತ್ತದೆ, ಯಂತ್ರ ಚುರುಕಾಗುತ್ತದೆ. ಆದರೆ ಪ್ರೋಗ್ರಾಮು ಊದಿಕೊಳ್ಳುತ್ತದೆ. ಕರ್ನೆಲ್ ಬರೆಯುವವರು ಎಲ್ಲೇ ಇರಲಿ, ಅವರ ಸಂಸಾರದ ಜಗಳ ಇದೊಂದೇ.

"ಹೋಗಿ ಬರೋ ಸಮಯ ಉಳಿಯುತ್ತೆ ಮೇಷ್ಟ್ರೇ" ಎಂದೆ ಒಂದು ದಿನ, ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ.

"ಉಳಿದದ್ದು ಯಾರಿಗೆ ಸಿಗುತ್ತೆ?"

"ಯಂತ್ರಕ್ಕೆ."

"ಯಂತ್ರ ಅದನ್ನಿಟ್ಕೊಂಡು ಏನು ಮಾಡುತ್ತೆ? ಸೆಕ್ರೆಟರಿ ಇನ್ನೊಂದು ಗುಂಡಿ ಒತ್ತೋವರೆಗೆ ಕಾಯುತ್ತೆ. ನೀನು ಅದಕ್ಕೆ ಬೇಗ ಹೋಗಿ ಕಾಯೋದನ್ನ ಕಲಿಸ್ತಿದ್ದೀಯ ಕಣಯ್ಯಾ. ಅಲ್ನೋಡು."

ಎದುರಿಗೆ ಒಬ್ಬಾತ ಎದ್ದೂಬಿದ್ದೂ ಓಡಿ ಬಂದು ಅರಕಲಗೂಡಿನ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತ. ಡ್ರೈವರು ನಮ್ಮ ಪಕ್ಕದ ಮೇಜಿನಲ್ಲಿ ಆಗತಾನೆ ಇಡ್ಲಿಗೆ ಹೇಳಿದ್ದ.

"ಮೊದಲು ಯಾರು ಕಾಯ್ತಿದ್ದಾರೆ ಅಂತ ನೋಡು. ಮನುಷ್ಯರು ಕಾಯ್ತಿದ್ರೆ ಹೇಳು, ಕೇಳಿದಷ್ಟು ಜಾಗ ಕೊಡ್ತೀನಿ" ಎಂದರು ಮೇಷ್ಟ್ರು. ಆಮೇಲೆ ಚಟ್ನಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಈ ಹೋಟೆಲಿಗೂ ಇನ್ನು ಬರುವಂತಿಲ್ಲ ಎಂದರು.

ಎಷ್ಟೋ ವರ್ಷದ ಮೇಲೆ, ನಾನು ಬೇರೊಂದು ಕಡೆ ಕೆಲಸಕ್ಕೆ ಸೇರಿದಾಗ, ಛತ್ರದಂಥ ಜಾಗವಿರುವ ದೊಡ್ಡ ಪ್ರೊಸೆಸರು ಕೈಗೆ ಬಂತು. ಕೇಳುವವರಿರಲಿಲ್ಲ. ಕರ್ನೆಲ್ಲಿನಲ್ಲಿ ಬೇಕಾದ ಕಡೆಯಲ್ಲೆಲ್ಲ ನಕಲು ಹಾಕಿ ಬಿಚ್ಚಿ ಬರೆದೆ. ಅದು ಮೊದಲಿಗಿಂತ ನಿಧಾನವಾಯಿತು. ಆ ಪ್ರೊಸೆಸರುಗಳು ಪದೇಪದೇ ಬೇಕಾಗುವ ಸೂಚನೆಗಳನ್ನು ಕೈಗೆಟುಕುವಂತೆ ಒಂದು ಪುಟ್ಟ ಗೂಡಿನಲ್ಲಿ ಇಟ್ಟುಕೊಳ್ಳುತ್ತವೆ. ನನ್ನ ಊದಿಕೊಂಡ ಕರ್ನೆಲ್ ಆ ಗೂಡಿನಲ್ಲಿ ಹಿಡಿಸದೆ, ಪ್ರತಿ ಸಲವೂ ಉಗ್ರಾಣಕ್ಕೆ ಹೋಗಿ ತರಬೇಕಾಗುತ್ತಿತ್ತು. ಹೊಳೆನರಸೀಪುರಕ್ಕೆ ಹೋದಾಗ ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಗೆದ್ದೆನೆಂದು ಬೀಗಲಿಲ್ಲ. "ಅಡಿಗೆಮನೆ ದೊಡ್ಡದು ಮಾಡಿದ್ರೆ ಕೈ ಉದ್ದ ಆಗಲ್ವಲ್ಲಯ್ಯಾ" ಎಂದು ಹೇಳಿ ವೀಳ್ಯದೆಲೆಯ ತೊಟ್ಟು ಮುರಿದರು.

ಆದರೆ ಈ ಪಕ್ಷಗಳ ನಿಜವಾದ ಚುನಾವಣೆ ನಡೆದದ್ದು ಅದಕ್ಕೂ ಮೊದಲು, ಶಾಂತಿಗ್ರಾಮದ ಹತ್ತಿರದ ಒಂದು ಹಳ್ಳಿಯ ಡೈರಿಯ ಮುಂದೆ. ನಮ್ಮ ಯಂತ್ರವನ್ನು ಅಲ್ಲಿ ಬೆಳಗಿನ ಹಾಲಿಗೆ ಇಟ್ಟು ತೋರಿಸುವುದೆಂದು ಯಜಮಾನರು ಗೊತ್ತು ಮಾಡಿದ್ದರು. ದಂಡಿಗನಹಳ್ಳಿ ಕಡೆಯಿಂದಲೂ ಅರಕಲಗೂಡಿನ ಕಡೆಯಿಂದಲೂ ಡೈರಿಗಳ ಹಿರಿಯರು ನೋಡಲು ಬಂದಿದ್ದರು. ಅವರು ಒಪ್ಪಿದರೆ ಅವರವರ ಊರಿಗೂ ಯಂತ್ರ ಹೋಗುತ್ತದೆ. ನಾವು ವರ್ಕ್‌ಶಾಪಿನಲ್ಲಿ ಕೊಡಗಟ್ಟಲೆ ನೀರು ಸುರಿದು ಸುರಿದು ಪರೀಕ್ಷೆ ಮಾಡಿದ್ದೆವು. ಒಂದು ಸಲವೂ ತಪ್ಪಿರಲಿಲ್ಲ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಯಂತ್ರದ ಪಕ್ಕ ನಿಂತರು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಸ್ಲಿಪ್ಪು ಕನ್ನಡದಲ್ಲಿ ಬರುತ್ತಿತ್ತು, ಅಂಕಿಗಳೂ ಕನ್ನಡದವೇ. ಆ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಚಿಪ್ಪಿನೊಳಗೆ ಬರೆದಿಡಲು ಬಹಳ ಜಾಗ ಹಿಡಿದಿತ್ತು. ಮೇಷ್ಟ್ರು ಕಾರಣ ಕೇಳದೆ ಕೊಟ್ಟ ಜಾಗ ಅದೊಂದೇ. ಹಿರಿಯರು ಸ್ಲಿಪ್ಪನ್ನು ಕೈಯಿಂದ ಕೈಗೆ ದಾಟಿಸಿ, ಬೆಳಕಿಗೆ ಹಿಡಿದು ಓದಿ, ತಲೆದೂಗಿದರು. ಅಷ್ಟರಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಬ್ಬ ಹೆಂಗಸು ಕ್ಯಾನಿನಿಂದ ಹಾಲು ಸುರಿದು, ಸ್ಲಿಪ್ಪು ತೆಗೆದುಕೊಂಡು ಎರಡು ಹೆಜ್ಜೆ ಹೋದವಳು ಹಿಂದಕ್ಕೆ ಬಂದಳು.

"ಇದೇನ್ ಸೆಕ್ರೆಟ್ರಿ, ಬರೀ ಮೂರು ಅಂತ ಐತೆ?"

"ಮೂವತ್ತೇಳು ಒತ್ತಿದ್ನಲ್ಲವ್ವ."

"ಒತ್ತಿದ್ಯೋ ಬುಟ್ಟ್ಯೋ ನಂಗೊತ್ತಿಲ್ಲ. ಇಲ್ಲಿ ಬಂದಿರದು ಮೂರು. ಮೂರ್ನೇ ನಂಬ್ರು ಯಾರ್ದು?"

ಮೂರನೇ ನಂಬರಿನವನು ಸಾಲಿನಲ್ಲಿ ಅವಳ ಹಿಂದೆಯೇ ಇದ್ದ. ಅವಳ ಮೈದುನ. ಹೊಲದ ಪಾಲಿನ ವಿಚಾರದಲ್ಲಿ ಎರಡು ಮನೆಗಳಿಗೂ ಮಾತು ನಿಂತು ಹೋಗಿತ್ತಂತೆ. ಅದು ಈಗ ನಮ್ಮ ಯಂತ್ರದ ದೆಸೆಯಿಂದ ಮತ್ತೆ ಶುರುವಾಯಿತು.

"ಅತ್ಗೆಮ್ಮ ಪ್ರೀತಿಯಿಂದ ಕೊಟ್ರೆ ಬ್ಯಾಡ ಅನ್ನಕಾದದಾ?" ಎಂದ ಮೈದುನ. ಸಾಲು ನಕ್ಕಿತು.

"ಮುಚ್ಚಲಾ ಬಾಯ! ಒಲ ತಿಂದಿದ್ದು ಸಾಲ್ದು ಅಂತ ಆಲ್ಗೂ ಬಂದ್ಯಾ? ಯಾವನಪ್ಪ ಈ ಮಿಸ್ಸಿನ್ ಮಾಡ್ದೋನು?"

"ನಾನೇ ತಾಯಿ" ಎಂದರು ಮೇಷ್ಟ್ರು, ತರಗತಿಯಲ್ಲಿ ಹಾಜರಿ ಹೇಳುವಂತೆ ಕೈಯೆತ್ತಿ.

"ನಮ್ ಅಸ ನಿಮ್ಗೇನ್ ಅನ್ಯಾಯ ಮಾಡಿತ್ತು ಸಾ?"

ಅದಾದ ಮೇಲೆ ಇನ್ನೂ ಕೆಲವರ ನಂಬರು ಅರ್ಧಂಬರ್ಧ ಬಂತು. ಹತ್ತೊಂಬತ್ತರವನು ಒಂದಾದ, ನಲವತ್ತರವನು ನಾಲ್ಕಾದ. ಸೆಕ್ರೆಟರಿ ಯಂತ್ರವನ್ನು ಆರಿಸಿ, ಹಳೆಯ ಅಳತೆಯ ಲೀಟರನ್ನು ಮೊಳೆಯಿಂದ ಇಳಿಸಿಕೊಂಡ. ಬಂದಿದ್ದ ಹಿರಿಯರು, ಸಾವಿನ ಮನೆಯಿಂದ ಏಳುವವರಂತೆ, ಹೇಳದೆ ಕೇಳದೆ ಎದ್ದು ಹೋದರು.

ಜೀಪಿನಲ್ಲಿ ವಾಪಸು ಬರುವಾಗ ಶಾಂತಿಗ್ರಾಮ ದಾಟಿದ ಮೇಲೆ ಯಜಮಾನರು ಹೇಳಿದರು.

"ಮೇಷ್ಟ್ರೇ, ನಿಮ್ ಕರ್ನೆಲ್ಲು ಗಿರ್ನೆಲ್ಲು ನಂಗ್ ಅರ್ಥ ಆಗಕಿಲ್ಲ. ಬೆಂಗ್ಳೂರೋರು ಎಲ್ಲಾ ರೆಡಿ ಮಾಲೇ ಕೊಡ್ತೀವಿ ಅಂತವ್ರೆ, ದೊಡ್ಡ ಚಿಪ್ಪು, ಅವ್ರುದೇ ಪ್ರೋಗ್ರಾಮು. ಮುಂದ್ಲ ವಾರ ಇನ್ನೊಂದ್ ಕಿತಾ ಇದೇ ಡೈರಿಗೆ ಕರಸ್ತೀನಿ ಆ ಊರ್ಗಳ ಹಿರೀಕ್ರ್ನ. ಅವತ್ತೂ ಮಾನ ಓದ್ರೆ, ನಾನ್ ಬೆಂಗ್ಳೂರುದ್ನೇ ತಂದ್ಬುಡ್ತೀನಿ. ಆಮ್ಯಾಕೆ ನಿಮ್ಗಿಲ್ಲಿ ಕೆಲ್ಸ ಏನಿರ್ತದೆ ಅಂತ ನಂಗೂ ಗೊತ್ತಿಲ್ಲ. ನೀವ್ ಬೇಜಾರ್ ಮಾಡ್ಕಬಾರ್ದು."

"ಬೇಜಾರೇನಿಲ್ಲ" ಎಂದರು ಮೇಷ್ಟ್ರು. "ತಪ್ಪು ಎಲ್ಲಿದೆ ಅಂತ ನೋಡೋಣ."

ವರ್ಕ್‌ಶಾಪಿಗೆ ಬಂದು ಮತ್ತೆ ನೀರು ಸುರಿದೆವು. ಯಂತ್ರ ದೇವರಂತೆ ನಡೆದುಕೊಂಡಿತು. ನನಗೆ ಕಾರಣ ಸ್ಪಷ್ಟವಿತ್ತು. ಕರ್ನೆಲ್ ನಿಧಾನ, ಜನರ ಅವಸರಕ್ಕೆ ಸಾಲದು, ಅಷ್ಟೇ. ಎರಡು ದಿನ ಕೂತು, ಎಲ್ಲ ಕಡೆಯೂ ನಕಲು ಹಾಕಿ ಬಿಚ್ಚಿ ಬರೆದೆ. ಜಾಗ ಸಾಲದ್ದಕ್ಕೆ ಕನ್ನಡದ ಅಕ್ಷರಗಳನ್ನು ತೆಗೆದು ಸ್ಲಿಪ್ಪನ್ನು ಇಂಗ್ಲಿಷಿಗೆ ತಿರುಗಿಸಿದೆ. ಪ್ರಿಂಟರಿಗೆ ಇಂಗ್ಲಿಷು ಹುಟ್ಟುತ್ತಲೇ ಬರುತ್ತದೆ, ಅದಕ್ಕೆ ನಮ್ಮ ಜಾಗ ಬೇಡ. ಯಜಮಾನರು ನೋಡಿ, "ಓಡ್ತದಲ್ಲ, ಸಾಕ್ ಬುಡಿ" ಎಂದರು. ಮೇಷ್ಟ್ರು ಹಾಳೆಗಳನ್ನು ಕೊನೆಯವರೆಗೂ ಓದಿದರು.

"ಯಾಕೆ ತಪ್ಪಿತು ಅಂತ ನಿನಗೆ ಗೊತ್ತಾ?"

"ನಿಧಾನ ಆಗಿ ತಪ್ಪಿತು ಮೇಷ್ಟ್ರೇ."

"ಎಲ್ಲಿ ನಿಧಾನ?"

"ಎಲ್ಲ ಕಡೆ."

"ಎಲ್ಲ ಕಡೆ ಅಂದ್ರೆ ಗೊತ್ತಿಲ್ಲ ಅಂತ" ಎಂದರು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಅದೇ ಡೈರಿಗೆ ಹೋದರು. ಸೆಕ್ರೆಟರಿಯನ್ನು ಒಪ್ಪಿಸಿ ತಮ್ಮ ಹಳೆಯ ಕರ್ನೆಲ್ ಇರುವ ಯಂತ್ರವನ್ನೇ ಮತ್ತೆ ಇಟ್ಟರು, ಲೆಕ್ಕಕ್ಕಲ್ಲ, ನೋಡುವುದಕ್ಕೆ. ಸೆಕ್ರೆಟರಿ ಹಳೆಯ ಲೀಟರಿನಲ್ಲಿ ಅಳೆದು ಬರೆದುಕೊಂಡ ಮೇಲೆ ಜನ ಅದೇ ಹಾಲನ್ನು ನಮ್ಮ ಪಾತ್ರೆಗೂ ಸುರಿದು ಹೋಗಬೇಕು. "ನಿನ್ನೆ ಮೊನ್ನೆ ಉಗಿಸ್ಕಂಡಿದ್ದು ಸಾಲ್ದಾ ಇವ್ರ್ಗೆ?" ಎಂದು ಸಾಲಿನಲ್ಲಿ ಯಾರೋ ಅಂದದ್ದು ಕೇಳಿಸಿತು. ಮೇಷ್ಟ್ರಿಗೂ ಕೇಳಿಸಿರಬೇಕು. ಅವರು ಜಗಲಿಯ ಕಲ್ಲಿನ ಮೇಲೆ ಕೂತು, ಯಂತ್ರವನ್ನು ನೋಡದೆ, ಜನರ ಕೈಗಳನ್ನು ನೋಡುತ್ತಿದ್ದರು.

ಮೂವತ್ತೇಳರ ಹೆಂಗಸು ಬಂದಳು. ಹಾಲು ಸುರಿದಳು. ಕ್ಯಾನನ್ನು ಪೂರ್ತಿ ಬೋರಲು ಹಾಕಿ, ಅದರ ಬಾಯನ್ನು ಪಾತ್ರೆಯ ಅಂಚಿಗೆ ಟಕ್ ಟಕ್ ಟಕ್ ಎಂದು ಕುಟ್ಟಿದಳು. ಕೆಂಪು ಅಂಕಿಗಳು ತಡವರಿಸಿದವು. ಸೆಕ್ರೆಟರಿ ಒತ್ತಿದ ಏಳು ಬರಲಿಲ್ಲ.

ಮೇಷ್ಟ್ರು ಎದ್ದರು. "ಯಾಕಮ್ಮ ಹಾಗೆ ಕುಟ್ತೀರಿ?"

"ಇನ್ನೇನ್ ಸಾ, ತಳದಲ್ ನಿಂತಿರದ್ನ ಅಂಗೇ ಬುಟ್ಬುಟ್ಟ್ ಓಗದಾ? ಕರ್ದಿರೋಳ್ಗೆ ಗೊತ್ತು ಅದ್ರ ಕಷ್ಟ."

ಅವಳೊಬ್ಬಳಲ್ಲ. ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಕುಟ್ಟುತ್ತಿದ್ದರು. ಕೆಲವರು ಮೆಲ್ಲಗೆ, ಕೆಲವರು ಜಾಗಟೆ ಬಾರಿಸಿದಂತೆ. ಹಾಲು ಹಾಕುವ ಊರುಗಳಲ್ಲೆಲ್ಲ ಇದು ನಡೆದುಬಂದ ರೀತಿ. ನಾನು ಹುಟ್ಟಿದಂದಿನಿಂದ ನೋಡಿದ್ದೆ. ಮೇಷ್ಟ್ರೂ ನೋಡಿದ್ದರು. ಆ ಕಾರಣಕ್ಕೇ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

"ನಾವು ನೀರು ಸುರಿದ್ವಲ್ಲಯ್ಯಾ" ಎಂದರು ಮೇಷ್ಟ್ರು. "ನೀರಿಗೆ ಯಾರು ಕೊಡ ಕುಟ್ತಾರೆ?"

ಆದದ್ದಿಷ್ಟು. ಪಾತ್ರೆಯ ಕೆಳಗಿನ ತೂಕದ ಕಡ್ಡಿ ತೂಕ ಬದಲಾದಾಗಲೆಲ್ಲ ಕರ್ನೆಲ್ಲಿನ ಬಾಗಿಲು ಬಡಿಯುತ್ತದೆ. ಕರ್ನೆಲ್ ಇದ್ದ ಕೆಲಸ ನಿಲ್ಲಿಸಿ ತೂಗುವ ಕೆಲಸವನ್ನು ಎಬ್ಬಿಸುತ್ತದೆ. ಅದು ಎದ್ದು ನೋಡಿ, "ಇನ್ನೂ ಅಲ್ಲಾಡುತ್ತಿದೆ" ಎಂದು ಮತ್ತೆ ಮಲಗುತ್ತದೆ. ಒಂದೊಂದು ಕುಟ್ಟಿಗೂ ಪಾತ್ರೆ ನಡುಗಿ, ಬಾಗಿಲು ಒಂದೇ ಸಮನೆ ಬಡಿಯುತ್ತಿತ್ತು. ಒಂದೊಂದು ಬಡಿತಕ್ಕೂ ಮೇಷ್ಟ್ರ ಕರ್ನೆಲ್ ಆ ಒಂದೇ ಜಾಗಕ್ಕೆ ಹೋಗಿ, ಬಂದು, ಎಬ್ಬಿಸಿ, ಮಲಗಿಸಿ ಸುಸ್ತಾಗುವಷ್ಟರಲ್ಲಿ ಸೆಕ್ರೆಟರಿಯ ಬೆರಳು ಗುಂಡಿ ಒತ್ತಿ ಬಿಟ್ಟಾಗಿರುತ್ತಿತ್ತು. ನಂಬರು ಹಿಡಿಯಬೇಕಾದ ಕೆಲಸಕ್ಕೆ ಸರದಿಯೇ ಬರುತ್ತಿರಲಿಲ್ಲ.

"ಈಗ ಮನುಷ್ಯರು ಕಾಯ್ತಿದ್ದಾರೆ" ಎಂದರು ಮೇಷ್ಟ್ರು. "ಇಲ್ಲಿ ಜಾಗ ಕೊಡೋಣ."

ಬಂದ ಬಡಿತ ತೂಕದ್ದೋ ಬರೀ ನಡುಕವೋ ಎಂದು ಬಾಗಿಲಲ್ಲೇ ತೀರ್ಮಾನಿಸಿ, ನಡುಕವಾದರೆ ಯಾರನ್ನೂ ಎಬ್ಬಿಸದೆ ಅಲ್ಲಿಂದಲೇ ಕಳಿಸಿಬಿಡಬೇಕು. ಅದಕ್ಕೆ ಬೇಕಾದ ಲೆಕ್ಕ ತೂಗುವ ಕೆಲಸದಲ್ಲಿ ಆಗಲೇ ಇತ್ತು. ಆದರೆ ಅಲ್ಲಿಗೆ ಹೋಗಿಬರುವಷ್ಟು ವ್ಯವಧಾನವಿಲ್ಲ. ಅದೇ ಲೆಕ್ಕವನ್ನು ಬಾಗಿಲಲ್ಲಿ ಇನ್ನೊಂದು ಸಲ, ಸುತ್ತು ಬಳಸಿಲ್ಲದೆ, ನೇರವಾಗಿ ಬಿಚ್ಚಿ ಬರೆಯಬೇಕು. ಒಂದೇ ಕೆಲಸ, ಎರಡು ಕಡೆ. ಮೇಷ್ಟ್ರು ಅಂಗಿಯ ತೋಳು ಮಡಿಚಿಕೊಂಡು ಆ ಮಹಾಪಾತಕಕ್ಕೆ ಕೂತರು. ಬಹಳ ಚೆನ್ನಾಗಿ ಮಾಡಿದರು. ನಿಷ್ಠಾವಂತರು ಪಾಪ ಮಾಡಿದರೂ ಅದರಲ್ಲಿ ಒಂದು ಅಚ್ಚುಕಟ್ಟಿರುತ್ತದೆ.

ಬರೆದದ್ದು ಚಿಪ್ಪಿನಲ್ಲಿ ಹಿಡಿಸಲಿಲ್ಲ.

"ಕನ್ನಡ ತೆಗೆಯೋಣ ಮೇಷ್ಟ್ರೇ" ಎಂದೆ. "ಬೇರೆ ದಾರಿ ಇಲ್ಲ."

"ಅವಳು ಸ್ಲಿಪ್ಪು ಓದಿದಳು ಕಣಯ್ಯಾ. ಓದಿದ್ದಕ್ಕೇ ನಮ್ಮ ತಪ್ಪು ಸಿಕ್ಕಿದ್ದು. ಇಂಗ್ಲಿಷಲ್ಲಿ ಇದ್ದಿದ್ರೆ ಸೆರಗಿಗೆ ಕಟ್ಕೊಂಡು ಹೋಗಿರೋಳು. ಅವಳ ಹಾಲು ಎಷ್ಟು ದಿನ ಮೈದುನನ ಲೆಕ್ಕಕ್ಕೆ ಹೋಗ್ತಿತ್ತೋ."

ಅವರು ಕ್ಯಾಲೆಂಡರಿನ ಹಾಳೆಗಳ ಕಟ್ಟಿನಿಂದ ಮಧ್ಯದ ಕೆಲವು ಹಾಳೆಗಳನ್ನು ಎಳೆದುಕೊಂಡರು.

ಆ ಹಾಳೆಗಳ ವಿಷಯ ಹೇಳಬೇಕು. ಮೇಷ್ಟ್ರು ತಮ್ಮ ಕರ್ನೆಲ್ಲನ್ನು ಎಂಟು ಕೆಲಸಗಳನ್ನು ನಿಭಾಯಿಸುವಂತೆ ಬರೆದಿದ್ದರು. ಯಾವ ಕೆಲಸವನ್ನು ಬೇಕಾದರೂ ಸೇರಿಸಬಹುದು, ತೆಗೆಯಬಹುದು, ಹಿಂದುಮುಂದು ಮಾಡಬಹುದು. ಹಾಲಿನ ಯಂತ್ರಕ್ಕೆ ಬೇಕಾದದ್ದು ನಾಲ್ಕು. ಉಳಿದ ನಾಲ್ಕು, ಮುಂದೆ ಬರಬಹುದಾದ ಯಂತ್ರಗಳಿಗೆ. ಕಬ್ಬಿನ ಗಾಡಿ ತೂಗುವುದು, ಕಾಲುವೆಯ ತೂಬು ನೋಡಿಕೊಳ್ಳುವುದು, ಭತ್ತದ ತೇವ ಅಳೆಯುವುದು, ಇಂಥವು. ಎರಡು ಮಾತಿಗೆ ಮೂರನೆಯದನ್ನು ಸೇರಿಸದ ಆ ಮನುಷ್ಯ ದೀರ್ಘವಾಗಿ ಮಾತಾಡುತ್ತಿದ್ದದ್ದು ಈ ಬಾರದ ಯಂತ್ರಗಳ ಬಗ್ಗೆ ಮಾತ್ರ. ಊಟದ ಡಬ್ಬಿ ತೆರೆದಿಟ್ಟುಕೊಂಡು, ತುತ್ತು ಕೈಯಲ್ಲೇ ಇರುವಂತೆ, "ಈ ಜಿಲ್ಲೇಲಿ ತೂಗೋದು ಅಳೆಯೋದು ಏನಿದ್ರೂ ಇದೊಂದೇ ಕರ್ನೆಲ್ ಸಾಕಯ್ಯಾ" ಎನ್ನುವರು. ಅವರು ಹೈಸ್ಕೂಲು ಬಿಟ್ಟು ಬಂದದ್ದು ಹಾಲು ತೂಗುವುದಕ್ಕಲ್ಲ, ಇದಕ್ಕೆ ಎಂದು ನನಗೆ ತಿಳಿದಿತ್ತು.

ಪೆನ್ಸಿಲು ತೆಗೆದುಕೊಂಡು ಆ ಹಾಳೆಗಳ ಮೇಲೆ ಮೂಲೆಯಿಂದ ಮೂಲೆಗೆ ಒಂದೊಂದು ಗೆರೆ ಎಳೆದರು. ಬೇಕಾದ ಹಾಗೆ ಸೇರಿಸುವುದು, ತೆಗೆಯುವುದು, ಹಿಂದುಮುಂದು ಮಾಡುವುದು ಎಲ್ಲ ಹೋಯಿತು. ನಾಲ್ಕೇ ಕೆಲಸ, ಇಂಥದ್ದೇ ಕ್ರಮ, ಬದಲಾಯಿಸುವಂತಿಲ್ಲ. ಹಾಲಿನ ಯಂತ್ರ ಬಿಟ್ಟು ಬೇರೆ ಯಾವುದಕ್ಕೂ ಅದು ಇನ್ನು ಬಾರದು.

"ಮೇಷ್ಟ್ರೇ" ಎಂದೆ.

"ಬರೋ ನೆಂಟರಿಗೆ ಅಂತ ಕಟ್ಟಿದ್ದ ಕೋಣೆ" ಎಂದರು. "ಬಂದವರು ಬಿಸಿಲಲ್ಲಿ ನಿಂತಿದ್ದಾರಲ್ಲ."

ಅವತ್ತು ಅವರು ಎರಡನೇ ಕಾಫಿ ತರಿಸಿದರು. ಅವರು ಒಂದೇ ಹೊತ್ತಿನಲ್ಲಿ ಎರಡು ಕಾಫಿ ಕುಡಿದದ್ದನ್ನು ನಾನು ನೋಡಿದ್ದು ಅದೊಂದು ಸಲ. ಯಾಕೆ ಎಂದು ಕೇಳುವ ಧೈರ್ಯ ಆಗಲಿಲ್ಲ. ಕಾರಣ ಕೇಳುವುದು ಆ ವರ್ಕ್‌ಶಾಪಿನಲ್ಲಿ ಅವರೊಬ್ಬರ ಹಕ್ಕು.

ಹೊಸದಾಗಿ ಬರೆದ ಚಿಪ್ಪಿನ ಮುಂದೆ ನಾವು ಮತ್ತೆ ನೀರು ಸುರಿಯಲಿಲ್ಲ. ಪಕ್ಕದ ಗೇಟಿನವರಿಂದ ಸುತ್ತಿಗೆ ತಂದು ಪಾತ್ರೆಯ ಅಂಚಿಗೆ ನಾನು ಕುಟ್ಟಿದೆ, ಮೇಷ್ಟ್ರು ಗುಂಡಿ ಒತ್ತಿದರು. ಸಿಮೆಂಟಿನ ಬಳೆಯವರು ಬಂದು ಬಾಗಿಲಲ್ಲಿ ನಿಂತು, ಯಂತ್ರ ಒಡೆಯುತ್ತಿದ್ದಾರೆಂದು ತಿಳಿದು, ಸಮಾಧಾನ ಹೇಳಿ ಹೋದರು.

ಗೊತ್ತಾದ ದಿನ ಎಲ್ಲರೂ ಮತ್ತೆ ಡೈರಿಯ ಮುಂದೆ ಸೇರಿದರು. ದಂಡಿಗನಹಳ್ಳಿಯವರು, ಅರಕಲಗೂಡಿನವರು ಈ ಸಲ ಕುರ್ಚಿಗಳಲ್ಲಿ ಕೂರಲಿಲ್ಲ, ಹೊರಡಲು ಅನುಕೂಲವಾಗುವಂತೆ ನಿಂತೇ ಇದ್ದರು. ಯಜಮಾನರು ಜೀಪಿನ ಹತ್ತಿರ ನಿಂತು ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕುತ್ತಿದ್ದರು. ಮೇಷ್ಟ್ರು ಯಂತ್ರದ ಮಗ್ಗುಲಿಗೆ, ಪಾತ್ರೆಯ ಮುಂದೆಯೇ ನಿಂತರು. ಹಾಲು ಬಿತ್ತು, ಕ್ಯಾನುಗಳು ಕುಟ್ಟಿದವು, ಸ್ಲಿಪ್ಪುಗಳು ಬಂದವು. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಬಂತು. ಮೈದುನ ಬಂದು ಹಾಲು ಹಾಕಿ, ತನ್ನ ಮೂರನ್ನು ತೆಗೆದುಕೊಂಡು, "ಇವತ್ತು ಬರೀ ನಂದೇಯಾ?" ಎಂದು ಗೊಣಗಿಕೊಂಡು ಹೋದ.

ಮೂವತ್ತೇಳರವಳ ಸರದಿ ಬಂತು. ಅವಳು ಮೇಷ್ಟ್ರನ್ನು ನೋಡಿದಳು, ಯಂತ್ರವನ್ನು ನೋಡಿದಳು. ಹಾಲು ಸುರಿದು, ಕ್ಯಾನು ಬೋರಲು ಹಾಕಿ, ಅಲ್ಲಿದ್ದ ನಾಯಿ ಎದ್ದು ಓಡುವಂತೆ ಕುಟ್ಟಿದಳು. ಒಂದು ಹನಿಯೂ ಉಳಿದಿರದಿದ್ದರೂ ಇನ್ನೊಮ್ಮೆ ಕುಟ್ಟಿದಳು. ಅವಳು ಕುಟ್ಟುತ್ತಿರುವಾಗಲೇ ಸೆಕ್ರೆಟರಿ ಎರಡು ಗುಂಡಿ ಒತ್ತಿದ. ಕೆಂಪು ಅಂಕಿಗಳು ನಿಂತವು. ಸ್ಲಿಪ್ಪು ಹೊರಗೆ ಬಂತು.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದಾಗಿ ಓದಿದಳು. ಮೂರು. ಏಳು. ಆಮೇಲೆ ಲೀಟರು. ಮೇಷ್ಟ್ರು ಪರೀಕ್ಷೆ ಬರೆದ ಹುಡುಗನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಸ್ಲಿಪ್ಪನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಖಾಲಿ ಕ್ಯಾನನ್ನು ಎತ್ತಿಕೊಂಡಳು.

"ಸರಿ ಐತೆ" ಎಂದಳು. "ಅತ್ಲಾಗ್ ಸರ್ಕಳಿ ಸಾ, ಇಂದ್ಲೋರು ಕಾಯ್ತಾವ್ರೆ."

ಸಾಲನ್ನು ತಡೆದು ನಿಂತಿದ್ದದ್ದು ಆಗ ಮೇಷ್ಟ್ರೊಬ್ಬರೇ. ಅವರು ಪಕ್ಕಕ್ಕೆ ಸರಿದರು.